ಇಂಜಿನಿಯರ್ ತಾಯಿಯ ಮಗುವನ್ನು ನೋಡಿಕೊಂಡವರು

ಮುಸ್ಲಿಂ ಮಹಿಳೆಯರ ವಿಜ್ಞಾನ ಸಾಧನೆಯ ಮಾತು ಬಂದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲೂ ವೇದಿಕೆಗಳಲ್ಲೂ ಒಂದು ಹೆಸರು ತಪ್ಪದೆ ಕೇಳಿ ಬರುತ್ತದೆ: ಅಲೆಪ್ಪೊ ನಗರದ ಮರ್ಯಮ್ ಅಲ್-ಅಸ್ತುರ್ಲಾಬಿ. ಹತ್ತನೆಯ ಶತಮಾನದಲ್ಲಿ ಅಸ್ಟ್ರೋಲೇಬ್ ಎಂಬ ಖಗೋಳ ಯಂತ್ರವನ್ನು ತಯಾರಿಸುತ್ತಿದ್ದಾಕೆ. ಅಭಿಮಾನ ಸಹಜವೇ. ಆದರೆ ಆಕೆಯ ಬಗ್ಗೆ ನಮಗಿರುವ ಹಳೆಯ ಆಧಾರ, ಬಗ್ದಾದಿನ ಇಬ್ನ್ ನದೀಮ್ ರಚಿಸಿದ ‘ಅಲ್-ಫಿಹ್ರಿಸ್ತ್’ ಗ್ರಂಥದಲ್ಲಿರುವ ಒಂದು ಸಾಲು ಮಾತ್ರ. ಅದರಲ್ಲಿ ಮರ್ಯಮ್ ಎಂಬ ಹೆಸರೇ ಇಲ್ಲ. ಅಲ್-ಇಜ್ಲಿ ಎಂಬ ಯಂತ್ರ ತಯಾರಕನ ಮಗಳು, ತಂದೆಗೆ ಕಲಿಸಿದ ಗುರುವಿನಿಂದಲೇ ಕಲಿತವಳು, ಅಮೀರ್ ಸೈಫುದ್ದೌಲನ ಆಶ್ರಯದಲ್ಲಿದ್ದವಳು - ಇಷ್ಟೇ. ಉಳಿದದ್ದೆಲ್ಲ ನಂತರದವರು ಸೇರಿಸಿದ್ದು.

ಆದರೂ ಆ ಸಾಲನ್ನು ನಾವು ಗಮನವಿಟ್ಟು ಓದಬೇಕು. ತಂದೆಯ ಕಸುಬು, ತಂದೆಯ ಗುರು, ಕೆಲಸ ಕೊಟ್ಟ ಆಸ್ಥಾನ. ಪ್ರತಿಭೆಯ ಸುತ್ತ ಇವೆಲ್ಲ ಇದ್ದುದರಿಂದಲೇ ಆ ಮಗಳ ಉಲ್ಲೇಖ ಇತಿಹಾಸದಲ್ಲಿ ಉಳಿಯಿತು. ಸಾವಿರ ವರ್ಷ ದಾಟಿ ನಮ್ಮ ನೆರೆಯ ಮದ್ರಾಸಿಗೆ ಬಂದರೂ ಕಥೆ ಹೆಚ್ಚೇನೂ ಬದಲಾಗುವುದಿಲ್ಲ.

1919ರಲ್ಲಿ ಜನಿಸಿದ ಎ. ಲಲಿತಾ ಅವರಿಗೆ ಹದಿನೈದರ ಹರೆಯದಲ್ಲಿ ಮದುವೆಯಾಯಿತು. ಹದಿನೆಂಟರಲ್ಲಿ ಗಂಡ ತೀರಿಕೊಂಡರು. ಕೈಯಲ್ಲಿ ನಾಲ್ಕು ತಿಂಗಳ ಹೆಣ್ಣು ಮಗು. ಆ ಕಾಲದ ಬ್ರಾಹ್ಮಣ ವಿಧವೆಯೊಬ್ಬಳ ಮುಂದಿನ ಬದುಕು ಹೇಗಿರುತ್ತಿತ್ತೆಂದು ವಿವರಿಸಬೇಕಾಗಿಲ್ಲ. ಆದರೆ ಅವರು ಓದಲು ನಿರ್ಧರಿಸಿದರು. ಹೆಣ್ಣು ಮಕ್ಕಳಿಗೆ ಅಂದು ತೆರೆದಿದ್ದ ದೊಡ್ಡ ವೃತ್ತಿ ವೈದ್ಯಕೀಯ. ಅದು ಅವರಿಗೆ ಬೇಡವಾಯಿತು. ಮಗುವನ್ನು ಬಿಟ್ಟು ನಡುರಾತ್ರಿ ರೋಗಿಯ ಬಳಿಗೆ ಓಡಬೇಕಾದ ಕೆಲಸ ಅದೆಂಬುದೇ ಕಾರಣ. ಹಗಲು ದುಡಿದು ಸಂಜೆ ಮನೆ ಸೇರಬಹುದಾದ ವೃತ್ತಿ ಬೇಕಿತ್ತು. ಭಾರತದ ಮೊದಲ ಮಹಿಳಾ ಇಂಜಿನಿಯರುಗಳಲ್ಲಿ ಒಬ್ಬರು ಈ ಕ್ಷೇತ್ರವನ್ನು ಆರಿಸಿಕೊಂಡದ್ದರ ಹಿಂದೆ ತಾಯಿಯೊಬ್ಬಳ ಇಂಥ ಲೆಕ್ಕಾಚಾರವೂ ಇತ್ತು.

ತಂದೆ ಪಪ್ಪು ಸುಬ್ಬರಾವ್ ಗಿಂಡಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ವಿಭಾಗದ ಪ್ರಾಧ್ಯಾಪಕರು. ಅವರು ಪ್ರಾಂಶುಪಾಲ ಕೆ.ಸಿ. ಚಾಕೊ ಅವರಲ್ಲೂ, ಸಾರ್ವಜನಿಕ ಶಿಕ್ಷಣ ನಿರ್ದೇಶಕರಲ್ಲೂ ಮಾತನಾಡಿ ಮಗಳಿಗೆ ಸೀಟು ದೊರಕಿಸಿದರು. 1940ರಲ್ಲಿ ನೂರಾರು ಹುಡುಗರಿದ್ದ ಕಾಲೇಜಿಗೆ ಲಲಿತಾ ಸೇರಿದರು. ಹಾಸ್ಟೆಲಿನಲ್ಲಿ ಉಳಿದು, ವಾರಾಂತ್ಯಕ್ಕೆ ಮಗುವನ್ನು ನೋಡಲು ಹೋಗುತ್ತಿದ್ದರು. ಲೀಲಮ್ಮ ಜಾರ್ಜ್ ಮತ್ತು ಪಿ.ಕೆ. ತ್ರೇಸ್ಯಾ ಎಂಬ ಇಬ್ಬರು ಕೇರಳದ ಕ್ರೈಸ್ತ ಹುಡುಗಿಯರು ಅಲ್ಲೇ ಸಿವಿಲ್ ಓದುತ್ತಿದ್ದರು. ಲಲಿತಾ ಪದವಿ ಪತ್ರ ಪಡೆದಾಗ ಅದರಲ್ಲಿ ‘ಅವನು’ ಎಂಬ ಇಂಗ್ಲಿಷ್ ಪದವೇ ಅಚ್ಚಾಗಿತ್ತು. ಅದನ್ನು ಹೊಡೆದು ‘ಅವಳು’ ಎಂದು ತಿದ್ದಿ ಕೊಡಲಾಯಿತು.

ಈ ತಿದ್ದುಪಡಿಯ ಸಂಗತಿಯನ್ನು ಎಲ್ಲರೂ ಬರೆಯುತ್ತಾರೆ. ನಮಗೆ ಅದಕ್ಕಿಂತ ಮುಖ್ಯವೆನಿಸುವುದು ಮುಂದಿನದು. ಜಮಾಲ್‌ಪುರದ ರೈಲ್ವೆ ಕಾರ್ಯಾಗಾರದಲ್ಲಿ ತರಬೇತಿ ಮುಗಿಸಿದ ಲಲಿತಾ 1944ರಲ್ಲಿ ಶಿಮ್ಲಾದ ಸರಕಾರಿ ಸಂಸ್ಥೆಯೊಂದಕ್ಕೆ ಸೇರಿದರು. ಶಿಮ್ಲಾವೇ ಏಕೆ? ಅಲ್ಲಿ ಸಹೋದರನ ಮನೆಯಿತ್ತು. 1948ರಲ್ಲಿ ಕಲ್ಕತ್ತಾದ ಅಸೋಸಿಯೇಟೆಡ್ ಎಲೆಕ್ಟ್ರಿಕಲ್ ಇಂಡಸ್ಟ್ರೀಸ್ ಸೇರಿದರು. ಅಲ್ಲಿ ಇನ್ನೊಬ್ಬ ಸಹೋದರನ ಮನೆಯಿತ್ತು. ಭಾಕ್ರಾ ನಂಗಲ್ ಅಣೆಕಟ್ಟಿನ ಜನರೇಟರುಗಳ ಕೆಲಸದಲ್ಲಿ, ವಿದ್ಯುತ್ ಮಾರ್ಗ ಮತ್ತು ಉಪಕೇಂದ್ರಗಳ ವಿನ್ಯಾಸದಲ್ಲಿ ಅವರ ಪಾತ್ರವಿತ್ತು. 1964ರಲ್ಲಿ ನ್ಯೂಯಾರ್ಕಿನಲ್ಲಿ ನಡೆದ ಮಹಿಳಾ ಇಂಜಿನಿಯರ್ ಮತ್ತು ವಿಜ್ಞಾನಿಗಳ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನಕ್ಕೂ ಹೋಗಿ ಬಂದರು. 1977ರಲ್ಲಿ ನಿವೃತ್ತರಾಗುವವರೆಗೆ ದುಡಿದ ಈ ಮಹಿಳೆಯ ಮೂವತ್ತು ವರ್ಷಗಳ ವೃತ್ತಿ ಜೀವನ, ಬಾಗಿಲು ತೆರೆದಿಟ್ಟ ಸಹೋದರರ ಮನೆಗಳ ಮೇಲೆ ನಿಂತಿತ್ತು. ಆ ಮನೆಗಳ ಹೆಂಗಸರ ಹೆಸರು ಯಾವ ಇಂಜಿನಿಯರಿಂಗ್ ಚರಿತ್ರೆಯಲ್ಲೂ ಇಲ್ಲ.

ತ್ರೇಸ್ಯಾ ಅವರದು ಬೇರೆ ದಾರಿ. ಅವರು ಮದುವೆಯಾಗಲಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಕೆಳಗಿನಿಂದ ಮೇಲೇರಿ 1971ರಲ್ಲಿ ಕೇರಳದ ಮುಖ್ಯ ಇಂಜಿನಿಯರ್ ಆದರು. ದೇಶದಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. ರಸ್ತೆಗೆ ರಬ್ಬರ್ ಬೆರೆಸಿದ ಡಾಂಬರು ಬಳಸುವ ಪ್ರಯೋಗ ಅವರ ಕಾಲದ್ದು.

ನಮ್ಮ ಕರ್ನಾಟಕದ ರಾಜೇಶ್ವರಿ ಚಟರ್ಜಿ ಅವರ ಅದೃಷ್ಟ ಅಜ್ಜಿಯಿಂದ ಆರಂಭವಾಗುತ್ತದೆ. ಮೈಸೂರು ಸಂಸ್ಥಾನದ ಮೊದಲ ಮಹಿಳಾ ಪದವೀಧರರಲ್ಲಿ ಒಬ್ಬರಾದ ಕಮಲಮ್ಮ ದಾಸಪ್ಪ, ವಿಧವೆಯರ ಮತ್ತು ಗಂಡ ಬಿಟ್ಟವರ ಶಿಕ್ಷಣಕ್ಕಾಗಿ ದುಡಿದವರು. 1922ರಲ್ಲಿ ಹುಟ್ಟಿದ ಮೊಮ್ಮಗಳು ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿ, 1943ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿ, ಸರಕಾರದ ವಿದ್ಯಾರ್ಥಿವೇತನದಲ್ಲಿ 1947ರಲ್ಲಿ ಹಡಗು ಹತ್ತಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯಕ್ಕೆ ಹೋದರು. 1953ರಲ್ಲಿ ಡಾಕ್ಟರೇಟ್ ಪಡೆದು ಮರಳಿ, ಅದೇ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ ಪತಿ ಶಿಶಿರ್ ಕುಮಾರ್ ಚಟರ್ಜಿ ಅವರೊಡನೆ ಮೈಕ್ರೋವೇವ್ ಸಂಶೋಧನೆಗೆ ನೆಲೆ ಹಾಕಿದರು. ಅವರ ಮಾರ್ಗದರ್ಶನದಲ್ಲಿ 20 ಮಂದಿ ಡಾಕ್ಟರೇಟ್ ಪಡೆದರು. 2010ರಲ್ಲಿ ತೀರಿಕೊಂಡರು.

ಇಷ್ಟಾದ ಮೇಲೂ 1974ರಲ್ಲಿ ಟೆಲ್ಕೋ ಕಂಪೆನಿಯ ಜಾಹೀರಾತಿನಲ್ಲಿ ಮಹಿಳೆಯರು ಅರ್ಜಿ ಹಾಕಬೇಕಾಗಿಲ್ಲ ಎಂದು ಅಚ್ಚಾಗಿತ್ತು. ಹುಬ್ಬಳ್ಳಿಯಲ್ಲಿ ಓದಿದ್ದ ಸುಧಾ ಕುಲಕರ್ಣಿ (ಇಂದಿನ ಸುಧಾ ಮೂರ್ತಿ) ಜೆ.ಆರ್.ಡಿ. ಟಾಟಾ ಅವರಿಗೆ ಒಂದು ಕಾರ್ಡು ಬರೆದು ಆ ಕೆಲಸವನ್ನು ಪಡೆದದ್ದು ಕನ್ನಡಿಗರಿಗೆಲ್ಲ ಗೊತ್ತು. ಲಲಿತಾ ಪದವಿ ಪಡೆದು ಅಷ್ಟರಲ್ಲಿ ಮೂರು ದಶಕ ಕಳೆದಿತ್ತು.

ನಮ್ಮ ಸಮುದಾಯಕ್ಕೆ ಬರೋಣ. 1980ರಲ್ಲಿ ಭಟ್ಕಳ, ಗುಲ್ಬರ್ಗ, ರಾಮನಗರಗಳಲ್ಲಿ ಮುಸ್ಲಿಂ ಸಂಸ್ಥೆಗಳು ಇಂಜಿನಿಯರಿಂಗ್ ಕಾಲೇಜು ಕಟ್ಟಿದವು. ಮಗಳನ್ನು ಇಂಜಿನಿಯರಿಂಗ್ ಓದಿಸುವುದು ಈಗ ನಮ್ಮಲ್ಲಿ ಅಪರೂಪವಲ್ಲ. ಅಪರೂಪವಾದದ್ದು, ಓದಿದ ಮೇಲೆ ಕೆಲಸ. ಸಂಬಂಧ ಕುದುರಿಸುವಾಗ ಬಿ.ಇ. ಆಗಿದೆ ಎಂಬುದು ಹೆಮ್ಮೆಯ ಮಾತು. ನಿಕಾಹ್ ಮುಗಿದ ಮೇಲೆ ಅದೇ ಪದವಿ ಕಪಾಟು ಸೇರುತ್ತದೆ. ಹಜ್ರತ್ ಖದೀಜಾ(ರ)ರ ವ್ಯಾಪಾರವನ್ನು ವೇದಿಕೆಯಲ್ಲಿ ಬಣ್ಣಿಸುವವರ ಮನೆಯಲ್ಲೂ ಸೊಸೆ ಕೆಲಸಕ್ಕೆ ಹೋಗುತ್ತೇನೆಂದರೆ ಮೊದಲು ಎದುರಾಗುವ ಪ್ರಶ್ನೆ, ಮಗುವನ್ನು ಯಾರು ನೋಡಿಕೊಳ್ಳುವುದು ಎಂದು. ಪ್ರಶ್ನೆ ಸರಿಯಾದದ್ದೇ. ಆದರೆ ಅದನ್ನು ಅವಳೊಬ್ಬಳನ್ನೇ ಏಕೆ ಕೇಳಬೇಕು? ಪ್ರವಾದಿ(ಸ)ಯವರು ಮನೆಯಲ್ಲಿರುವಾಗ ಮನೆಯವರ ಕೆಲಸದಲ್ಲಿ ತೊಡಗಿರುತ್ತಿದ್ದರು, ನಮಾಝಿನ ಸಮಯವಾದಾಗ ಹೊರಡುತ್ತಿದ್ದರು ಎಂದು ಹಜ್ರತ್ ಆಯಿಶಾ(ರ) ತಿಳಿಸಿದ್ದು ಬುಖಾರಿಯಲ್ಲಿದೆ. ನಮ್ಮ ಗಂಡಸರು ಅಷ್ಟಾಗಿ ಉದ್ಧರಿಸದ ಹದೀಸ್ ಇದು.

ಹಾಗೆಂದು ತೊಡಕೆಲ್ಲ ಮನೆಯೊಳಗೇ ಇದೆ ಎಂದರೆ ಅನ್ಯಾಯವಾದೀತು. 2022ರ ಮಾರ್ಚ್ 10ರಂದು ಬೆಳಗಾವಿಯಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಘಟಿಕೋತ್ಸವ ನಡೆಯಿತು. ರಾಯಚೂರಿನ ಕಾಲೇಜೊಂದರಲ್ಲಿ ಸಿವಿಲ್ ಇಂಜಿನಿಯರಿಂಗ್ ಓದಿದ ಮುಸ್ಲಿಂ ಹುಡುಗಿಯೊಬ್ಬಳು 16 ಚಿನ್ನದ ಪದಕ ಪಡೆದಳು. ಎಲ್ಲ ಪತ್ರಿಕೆಗಳೂ ಅವಳ ಚಿತ್ರ ಹಾಕಿದವು. ಐದು ದಿನ ಕಳೆದು, ಮಾರ್ಚ್ 15ರಂದು, ತರಗತಿಯಲ್ಲಿ ಶಿರವಸ್ತ್ರ ನಿರ್ಬಂಧಿಸುವ ಸರಕಾರಿ ಆದೇಶವನ್ನು ರಾಜ್ಯ ಹೈಕೋರ್ಟ್ ಎತ್ತಿ ಹಿಡಿಯಿತು. ಅದೇ ವರ್ಷ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಭಿನ್ನ ತೀರ್ಪು ನೀಡಿದರು. ಉಡುಪಿಯ ಪದವಿಪೂರ್ವ ಕಾಲೇಜಿನ ತರಗತಿಯಿಂದ ಹೊರಗುಳಿದ ಹುಡುಗಿಯರಲ್ಲಿ ವಿಜ್ಞಾನ ಓದುತ್ತಿದ್ದವರೂ ಇದ್ದರು. ಇಂಜಿನಿಯರಿಂಗ್ ಕಾಲೇಜಿಗೆ ಹೋಗುವವರು ಆ ತರಗತಿಯನ್ನು ದಾಟಿಯೇ ಹೋಗಬೇಕು.