ಬಿಸಿನೀರಿನ ಬುತ್ತಿ

ಕೆಲವು ವರ್ಷಗಳ ಹಿಂದಿನ ಮಾತು. ಅಣಶಿಯ ಕಾಡಿನಲ್ಲಿ ನಾವು ಮೂವರು ಹೆಂಗಸರು ಒಂದು ಸ್ಟೀಲ್ ಡಬ್ಬಿಯ ಸುತ್ತ ಕುಳಿತು, ಮುಚ್ಚಳ ತೆಗೆಯುವ ಹೊತ್ತಿಗಾಗಿ ಕಾಯುತ್ತಿದ್ದೆವು. ಒಳಗಿದ್ದದ್ದು ಬಿಸಿಬೇಳೆಭಾತು. ಮನೆಯಲ್ಲಿ ಒಣಗಿಸಿ ತಂದಿದ್ದನ್ನು ಡಬ್ಬಿಗೆ ಸುರಿದು, ಫ್ಲಾಸ್ಕಿನ ಬಿಸಿನೀರು ಹಾಕಿ, ಟವೆಲ್ಲಿನಲ್ಲಿ ಸುತ್ತಿಟ್ಟಿದ್ದೆವು. ಅರಣ್ಯ ಇಲಾಖೆಯ ಅನುಮತಿ ಪಡೆದು, ಮಾರ್ಗದರ್ಶಕರೊಬ್ಬರ ಜೊತೆ ಬಂದಿದ್ದೆವು. ಅಣಶಿ 1987ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. 2007ರಲ್ಲಿ ದಾಂಡೇಲಿಯ ಕಾಡಿನೊಂದಿಗೆ ಸೇರಿ ಹುಲಿ ರಕ್ಷಿತಾರಣ್ಯವೂ ಆಯಿತು. ಅಲ್ಲಿ ಮೂರು ಕಲ್ಲು ಹೂಡಿ ಬೆಂಕಿ ಹಚ್ಚುವ ಹಾಗಿಲ್ಲ. ಹೊತ್ತು ತಂದದ್ದೇ ಊಟ.

ಅರ್ಧ ಗಂಟೆಯ ಮೇಲೆ ಮುಚ್ಚಳ ತೆಗೆದೆ. ಅನ್ನವೇನೋ ಅರಳಿತ್ತು. ಬೇಳೆ ಮಾತ್ರ ಹಲ್ಲಿಗೆ ಸಿಕ್ಕ ಕಲ್ಲು. ಗೆಳತಿಯರು ಮುಖ ಮುಖ ನೋಡಿಕೊಂಡರು. ಮಾರ್ಗದರ್ಶಕರು ಏನೂ ಹೇಳದೆ ತಮ್ಮ ಚೀಲದಿಂದ ಬಿಸ್ಕತ್ತಿನ ಪೊಟ್ಟಣ ತೆಗೆದು ಮುಂದಿಟ್ಟರು. ಮೂವತ್ತು ವರ್ಷ ಅಡಿಗೆ ಮಾಡಿದ ನನಗೆ ಹಸಿವಿಗಿಂತ ನಾಚಿಕೆಯೇ ಹೆಚ್ಚಾಯಿತು.

ಮನೆಗೆ ಬಂದು ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅನ್ನವನ್ನು ಬೇಯಿಸಿ ಒಣಗಿಸಿದ್ದೆ. ಬೇಳೆಯನ್ನು ಹುರಿದರೆ ಸಾಕು ಅಂದುಕೊಂಡಿದ್ದೆ. ಅವ್ವ ನಕ್ಕಳು. "ಒಮ್ಮೆ ಬೆಂದದ್ದನ್ನಷ್ಟ ಒಣಗಸಬೇಕವಾ. ನಿಮ್ಮ ಆಯಿ ಎಷ್ಟ ಸಲ ಹೇಳಿಲ್ಲ? ನೀನು ಕೇಳಿದ್ರಲ್ಲಾ!"

ಆಯಿ ಎಂದರೆ ನನ್ನ ಅಪ್ಪನ ತಾಯಿ. ಧಾರವಾಡದ ಹತ್ತಿರದ ನಮ್ಮ ಹಳ್ಳಿಯಿಂದ ಪ್ರತಿವರ್ಷ ಉಳವಿಯ ಜಾತ್ರೆಗೆ ಚಕ್ಕಡಿ ಹೊರಡುತ್ತಿತ್ತು. ಕಲ್ಯಾಣದ ಕ್ರಾಂತಿಯ ನಂತರ, 12ನೆಯ ಶತಮಾನದಲ್ಲಿ, ಶರಣರು ಚೆನ್ನಬಸವಣ್ಣನ ಜೊತೆ ಸೇರಿದ್ದು ಉಳವಿಯ ಕಾಡನ್ನೇ ಎಂಬ ನಂಬಿಕೆ ನಮ್ಮ ಕಡೆ. ಅವರ ಸಮಾಧಿ ಅಲ್ಲಿದೆ. ಅಣಶಿ ಇರುವ ಜೋಯಿಡಾ ತಾಲೂಕಿನಲ್ಲೇ ಉಳವಿಯೂ ಇದೆ. ಧಾರವಾಡದಿಂದ ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಭಾರತ ಹುಣ್ಣಿಮೆಯ ಹೊತ್ತಿಗೆ ಹಳಿಯಾಳ, ದಾಂಡೇಲಿ ದಾಟಿ ಎತ್ತುಗಳು ದಿನಗಟ್ಟಲೆ ನಡೆಯಬೇಕು. ಹೋಗಿ ಬರುವವರೆಗೆ ಕೆಡದ ಬುತ್ತಿ ಬೇಕು.

ಆಯಿಯ ತಯಾರಿ ಹದಿನೈದು ದಿನ ಮೊದಲೇ ಶುರು. ಜೋಳದ ರೊಟ್ಟಿಗಳನ್ನು ತೆಳ್ಳಗೆ ಬಡಿದು, ಸುಟ್ಟು, ಮುರಿದರೆ ಪಟ್ಟನೆ ಸದ್ದಾಗುವ ತನಕ ಒಣಗಿಸುವಳು. ಶೇಂಗಾ, ಗುರೆಳ್ಳಿನ ಚಟ್ನಿ ಕುಟ್ಟುವಳು. ಎಲ್ಲಕ್ಕಿಂತ ದೊಡ್ಡ ಕೆಲಸ ಮಾದಲಿ. ಗೋದಿ, ಕಡಲೆಬೇಳೆ, ಅಕ್ಕಿಯ ತರಿಹಿಟ್ಟನ್ನು ಗಟ್ಟಿ ಕಲಸಿ, ದಪ್ಪ ಚಪಾತಿ ಮಾಡಿ ಸುಟ್ಟು, ಆರಿಸಿ, ಪುಡಿ ಮಾಡಿ, ಬೆಲ್ಲ, ಪುಟಾಣಿ, ಗಸಗಸೆ ಬೆರೆಸುವುದು. ಬುತ್ತಿ ಬಿಚ್ಚಿದ ಕಡೆ ಅದಕ್ಕೆ ಬಿಸಿ ಹಾಲು ಸುರಿದರೆ ಊಟ ಸಿದ್ಧ. ಹಾಲಿಲ್ಲದಿದ್ದರೆ ನೀರಾದರೂ ಸಾಕು. ತುಪ್ಪ ಮಾತ್ರ ಬೇರೆ ಡಬ್ಬಿಯಲ್ಲಿ. ಮೊದಲೇ ಬೆರೆಸಿದರೆ ಕಮಟು ವಾಸನೆ ಬರುತ್ತದೆ ಎನ್ನುತ್ತಿದ್ದಳು.

ಅವ್ವನ ಮಾತು ಕೇಳಿದ ಮೇಲೆ ಒಂದೊಂದೇ ಹೊಳೆಯತೊಡಗಿತು. ನಮ್ಮ ಹಳೆಯ ದಾರಿಯ ತಿನಿಸುಗಳೆಲ್ಲ ಒಮ್ಮೆ ಬೆಂದು ಆಮೇಲೆ ಒಣಗಿದವು. ಹುರಿಹಿಟ್ಟಿನ ಕಾಳು ಹುರಿದದ್ದು. ಅವಲಕ್ಕಿಗೆ ಭತ್ತವನ್ನು ನೆನೆಸಿ, ಹುರಿದು, ಬಿಸಿಯಿರುವಾಗಲೇ ಕುಟ್ಟುತ್ತಾರೆ. ಆ ನೀರು ಮತ್ತು ಬಿಸಿಗೆ ಅಕ್ಕಿಯ ಪಿಷ್ಟ ಅರ್ಧಕ್ಕರ್ಧ ಬೆಂದಿರುತ್ತದೆ. ಆದ್ದರಿಂದ ಅವಲಕ್ಕಿ ತಣ್ಣೀರಿಗೂ ಮೆತ್ತಗಾಗುತ್ತದೆ. ಹಸಿ ಅಕ್ಕಿ ಇಡೀ ರಾತ್ರಿ ನೆನೆದರೂ ಅನ್ನವಾಗುವುದಿಲ್ಲ. ಕುಚೇಲನ ಹೆಂಡತಿ ಗಂಡನ ಉತ್ತರೀಯದ ತುದಿಗೆ ಕಟ್ಟಿಕೊಟ್ಟದ್ದೂ ಅವಲಕ್ಕಿಯೇ ಅಲ್ಲವೆ? ದ್ವಾರಕೆಗೆ ಹೋದವನು ಕುಚೇಲ. ಕಟ್ಟಿಕೊಟ್ಟವಳು ಮನೆಯಲ್ಲೇ ಉಳಿದಳು.

ಇದೇ ಸೂತ್ರವನ್ನು ನಮ್ಮ ಕಾಲದಲ್ಲಿ ವಿಜ್ಞಾನಿಗಳು ಮೈಸೂರಿನಲ್ಲಿ ಕೈಗೆತ್ತಿಕೊಂಡರು. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ್ದ ಚೆಲುವಾಂಬಾ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ಆರಂಭವಾಯಿತು. 1961ರಲ್ಲಿ ಅದೇ ಊರಿನಲ್ಲಿ ಸೈನ್ಯಕ್ಕಾಗಿಯೇ ರಕ್ಷಣಾ ಆಹಾರ ಸಂಶೋಧನಾಲಯ ಹುಟ್ಟಿತು. ಹಿಮದ ಗಡಿಯಲ್ಲಿ ಕಾಯುವ ಯೋಧನಿಗೆ ಅಡಿಗೆಗೆ ಪುರುಸೊತ್ತಿಲ್ಲ, ಸೌದೆಯಿಲ್ಲ, ಬೆನ್ನಿನ ಮೇಲೆ ಹೊರೆ ಬೇರೆ. ಅವನಿಗಾಗಿ ಬಿಸಿನೀರು ಹಾಕಿದರೆ ಸಿದ್ಧವಾಗುವ ಉಪ್ಪಿಟ್ಟು, ಪಲಾವು, ಹಲ್ವಗಳನ್ನು ಅಲ್ಲಿ ರೂಪಿಸಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಸಜ್ಜಿಗೆಯ ಹಲ್ವ, ಪಲಾವು ಹೋದದ್ದೂ ಆ ಸಂಸ್ಥೆಯಿಂದಲೇ.

ಆಹಾರವನ್ನು ಹಿಮಗಟ್ಟಿಸಿ, ಮಂಜುಗಡ್ಡೆ ಕರಗಿ ನೀರಾಗುವ ಮೊದಲೇ ಆವಿಯಾಗಿ ಹೋಗುವಂತೆ ಮಾಡಿ ಒಣಗಿಸುವ ವಿಧಾನವೂ ಬಂತು. ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟದ ಜನ ಇದಕ್ಕೆ ಹತ್ತಿರದ ಕೆಲಸವನ್ನು ಯಂತ್ರವಿಲ್ಲದೆ ನೂರಾರು ವರ್ಷಗಳಿಂದ ಮಾಡುತ್ತ ಬಂದಿದ್ದಾರೆ. ರಾತ್ರಿಯ ಕೊರೆಯುವ ಚಳಿಗೆ ಆಲೂಗಡ್ಡೆ ಹರಡಿ, ಹಗಲು ತುಳಿದು ನೀರು ತೆಗೆದು, ಬಿಸಿಲಿಗೆ ಒಣಗಿಸುತ್ತಾರೆ.

ಪೇಟೆಯ ಅಡಿಗೆಮನೆಗೂ ಪೊಟ್ಟಣ ಬಂತು. 1924ರಲ್ಲಿ ಹುಟ್ಟಿದ ಬೆಂಗಳೂರಿನ ಎಂಟಿಆರ್ ಹೋಟೆಲು, 1975ರ ತುರ್ತು ಪರಿಸ್ಥಿತಿಯಲ್ಲಿ ತಿಂಡಿಗಳ ಬೆಲೆಗೆ ಕಡಿವಾಣ ಬಿದ್ದಾಗ, ಸಿದ್ಧ ಹಿಟ್ಟಿನ ಪೊಟ್ಟಣಗಳತ್ತ ಹೊರಳಿತು. ಈ ಚರಿತ್ರೆಯಲ್ಲಿ ಯುದ್ಧವಿದೆ, ಸರ್ಕಾರವಿದೆ, ಸಂಸ್ಥೆಗಳ ಹೆಸರಿದೆ. ಮಾಳಿಗೆಯ ಮೇಲೆ ರೊಟ್ಟಿ ಒಣಗಿಸಿದವಳ ಹೆಸರಿಲ್ಲ. ವಿಜ್ಞಾನಿಗಳ ಶ್ರಮ ಸಣ್ಣದೆಂದು ನಾನು ಹೇಳುತ್ತಿಲ್ಲ. ಆದರೆ 'ನೀರು ಹಾಕಿದರೆ ಸಾಕು' ಎಂಬ ಮಾತು ಉಣ್ಣುವವನ ಕಡೆಯಿಂದ ಹುಟ್ಟಿದ್ದು. ಹದಿನೈದು ದಿನದ ಕೆಲಸ ಅದರೊಳಗೆ ಮಡಚಿಕೊಂಡಿರುತ್ತದೆ.

ಮರುವರ್ಷ ಮತ್ತೆ ಅಣಶಿಗೆ ಹೋಗುವುದೆಂದಾಯಿತು. ಈ ಸಲ ಆಯಿಯ ಪಾಠದಂತೆ ನಡೆದೆ. ತೊಗರಿಬೇಳೆಯನ್ನು ಹಿಸುಕಿದರೆ ನುಣ್ಣಗಾಗುವಂತೆ ಬೇಯಿಸಿದೆ. ಬೀನ್ಸ್, ಗಜ್ಜರಿಯನ್ನು ಸಣ್ಣಗೆ ಹೆಚ್ಚಿ ಬೇಯಿಸಿ, ಅನ್ನ, ಬೇಳೆ, ಹುಳಿ, ಮಸಾಲೆಯೊಂದಿಗೆ ಕಲಸಿದೆ. ಎಣ್ಣೆ, ತುಪ್ಪ, ಕೊಬ್ಬರಿ ಹಾಕಲಿಲ್ಲ. ತಾಟುಗಳಲ್ಲಿ ತೆಳ್ಳಗೆ ಹರಡಿ, ತೆಳು ಬಟ್ಟೆ ಮುಚ್ಚಿ ಮಾರ್ಚ್ ತಿಂಗಳ ಬಿಸಿಲಿಗಿಟ್ಟೆ. ಮಂಜು ಬೀಳುವ ಮೊದಲು ಒಳಗೆ ತಂದೆ. ಮೂರನೆಯ ದಿನ ಹಿಡಿದರೆ ಗಲಗಲ ಎಂದಿತು. ಗಾಜಿನ ಬರಣಿಗೆ ತುಂಬಿ ಎರಡು ದಿನ ನೋಡಿದೆ. ಒಳಗೆ ಹನಿ ಕಟ್ಟಿದರೆ ಇನ್ನೂ ಹಸಿಯಿದೆ, ಬೂಸಲು ಹಿಡಿಯುತ್ತದೆ ಎಂದೇ ಅರ್ಥ. ಹನಿ ಕಟ್ಟಲಿಲ್ಲ. ಬೇಯಿಸಿದ ಅಡಿಗೆಯಲ್ಲಿ ಮೂರರಲ್ಲಿ ಎರಡು ಪಾಲು ನೀರೇ ಇರುತ್ತದೆ. ಅದು ಹೋದದ್ದರಿಂದ ಮೂವರ ಊಟ ಒಂದು ಕೈಯಲ್ಲಿ ಹಗುರಾಗಿ ಕುಳಿತಿತು.

ಅಣಶಿಯ ಹತ್ತಿರದ ಕುಣಬಿ ಸಮುದಾಯದ ಮನೆಯೊಂದರಲ್ಲಿ ನೀರು ಕೇಳಲು ನಿಂತಾಗ, ಒಲೆಯ ಮೇಲಿನ ಅಟ್ಟದಲ್ಲಿ ಹೊಗೆಯ ಬಿಸಿಗೆ ಇಟ್ಟಿದ್ದ ಗಂಟುಗಳು ಕಂಡವು. ಒಂದರಲ್ಲಿ ಹಿಂದಿನ ವರ್ಷದ ಮುರುಗಲ ಸಿಪ್ಪೆ. ಬೇಸಿಗೆಯ ಕೊನೆಗೆ ಒಣಗಿಸಿಕೊಳ್ಳಬೇಕು, ಆಮೇಲೆ ತಿಂಗಳುಗಟ್ಟಲೆ ಮಳೆ, ಏನೂ ಒಣಗುವುದಿಲ್ಲ ಎಂದರು ಆ ಮನೆಯ ಅಕ್ಕ. ಎರಡು ಸಿಪ್ಪೆಯನ್ನು ನೀರಿಗೆ ಹಾಕಿ ಕೊಟ್ಟರು. ಕೆಂಪಗೆ, ಹುಳಿಯಾಗಿ, ದಣಿವು ಇಳಿಯಿತು. ಅವರಿಗೆ ನನ್ನ ಬರಣಿ ತೋರಿಸಿದೆ. ಕೈಯಲ್ಲಿ ಅಲುಗಾಡಿಸಿ ಸದ್ದು ಕೇಳಿ, "ಚಲೋ ಒಣಗಿದೆ" ಎಂದರು. ಪರೀಕ್ಷೆಯಲ್ಲಿ ಪಾಸಾದಷ್ಟು ಸಂತೋಷವಾಯಿತು.

ಹೊಳೆಯ ದಂಡೆಯಲ್ಲಿ ಡಬ್ಬಿಗೆ ಬಿಸಿನೀರು ಹಾಕಿದೆ. ಒಂದು ಲೋಟ ಒಣಗಿದ್ದಕ್ಕೆ ಒಂದೂವರೆ ಲೋಟ ನೀರು, ಇಪ್ಪತ್ತು ನಿಮಿಷ. ಬೇಳೆ ಬೆಣ್ಣೆಯಂತಾಗಿತ್ತು. ತುಪ್ಪವನ್ನು ಮೇಲಿನಿಂದ ಹಾಕಿಕೊಂಡೆವು. ಕಳೆದ ಸಲದ ಮಾರ್ಗದರ್ಶಕರೇ ಬಂದಿದ್ದರು. ಎರಡನೆಯ ಸಲ ಬಡಿಸಿಕೊಂಡರು. ಬಿಸ್ಕತ್ತಿನ ಪೊಟ್ಟಣ ಚೀಲದಲ್ಲೇ ಉಳಿಯಿತು.

ಊರಿಗೆ ಮರಳಿದ ಮೇಲೆ ಅವ್ವನನ್ನು ಕೇಳಿದೆ: ಆಯಿ ಎಷ್ಟು ಸಲ ಉಳವಿಗೆ ಹೋಗಿದ್ದಳು?

"ಒಮ್ಮೆನೂ ಇಲ್ಲ," ಎಂದಳು ಅವ್ವ. "ಎಲ್ಲಾರೂ ಹೋದ್ರ ಎಮ್ಮಿ ಹಿಂಡಾವ್ರು ಯಾರು? ಹೊಂಟ ಚಕ್ಕಡಿಗೆ ಬುತ್ತಿ ಏರಿಸಿ, ಅಗಸಿತನಕ ಹೋಗಿ ಕೈ ಮುಗಿದು ಬರತಿದ್ಲು."

ಬರುವ ಭಾರತ ಹುಣ್ಣಿಮೆಗೆ ಅವ್ವನನ್ನು ಕರೆದುಕೊಂಡು ಉಳವಿಗೆ ಹೋಗುವವಳಿದ್ದೇನೆ. ಬಸ್ಸಿನಲ್ಲಿ ನಾಲ್ಕೈದು ಗಂಟೆಯ ದಾರಿ, ಬುತ್ತಿಯ ಅಗತ್ಯವೇ ಇಲ್ಲ. ಆದರೂ ಮಾದಲಿ ಮಾಡಿಕೊಂಡೇ ಹೋಗುತ್ತೇವೆ.