ಕಿವಿಗೆ ಸಿಗದ ಸ್ವರಶ್ರೇಣಿ

ವೆನಿಸ್‌ನ ಲುಯಿಜಿ ನೋನೊ 1979–80ರಲ್ಲಿ ಬರೆದ ಸ್ಟ್ರಿಂಗ್ ಕ್ವಾರ್ಟೆಟ್‌ನ ಹೆಸರು ‘ಫ್ರಾಗ್ಮೆಂಟೆ–ಸ್ಟಿಲ್ಲೆ, ಆನ್ ದಿಯೋತಿಮಾ’. ಎರಡು ವಯೊಲಿನ್, ಒಂದು ವಿಯೋಲಾ, ಒಂದು ಚೆಲ್ಲೊ. ತುಣುಕು ತುಣುಕು ನಾದ, ನಡುನಡುವೆ ದೀರ್ಘ ಮೌನ. ಇದರ ಸ್ವರಗಳು ವೆರ್ದಿಯವರ ‘ಆವೆ ಮರಿಯಾ’ ಎಂಬ ಪ್ರಾರ್ಥನೆಯ ಸ್ವರಶ್ರೇಣಿಯಿಂದ ಬಂದವು ಎಂದು ಓದಿದಾಗ ನನಗೆ ಅನುಮಾನವೇ ಮೊದಲು ಹುಟ್ಟಿತು. ಎಷ್ಟು ಸಲ ಕೇಳಿದರೂ ಆ ಪ್ರಾರ್ಥನೆಯ ಸುಳಿವು ಕಿವಿಗೆ ಸಿಗಲಿಲ್ಲ.

ಹಾಗಾಗಿ ವೆರ್ದಿಯವರ ಕಡೆಯಿಂದ ಹುಡುಕಹೊರಟೆ. ಅಲ್ಲಿ ಇನ್ನೊಂದು ತೊಡಕು ಎದುರಾಯಿತು: ಈ ಸ್ವರಶ್ರೇಣಿ ವೆರ್ದಿಯವರದೇ ಅಲ್ಲ! ಅದನ್ನು ಕಟ್ಟಿದವರು ಅಡೋಲ್ಫೊ ಕ್ರೆಶೆಂತೀನಿ. 1888ರಲ್ಲಿ ಮಿಲಾನಿನ ಸಂಗೀತ ಪತ್ರಿಕೆಯೊಂದರಲ್ಲಿ ಅದು ಒಗಟಾಗಿ ಅಚ್ಚಾಯಿತು. 75ರ ವೆರ್ದಿ 1889ರಲ್ಲಿ ಆ ಒಗಟನ್ನು ಬಿಡಿಸುತ್ತ ನಾಲ್ಕು ದನಿಗಳಿಗೆ ‘ಆವೆ ಮರಿಯಾ’ ಬರೆದರು. ಅವರ ನಾಲ್ಕು ಪವಿತ್ರ ಗೀತೆಗಳಲ್ಲಿ ಅದೂ ಸೇರಿದೆ. ಆದರೆ 1898ರಲ್ಲಿ ಪ್ಯಾರಿಸ್‌ನಲ್ಲಿ ಹಾಡಿಸಿದ್ದು ಉಳಿದ ಮೂರನ್ನು ಮಾತ್ರ. ಅಂದರೆ ಇದು ಪ್ರಾರ್ಥನೆಯೋ, ಪ್ರಾರ್ಥನೆಯ ಪದಗಳನ್ನು ತೊಡಿಸಿದ ಅಭ್ಯಾಸವೋ? ಎರಡೂ ಹೌದೆಂದು ನನ್ನ ಭಾವನೆ.

ಶ್ರೇಣಿಯನ್ನು ನಮ್ಮ ಸ್ವರಗಳಲ್ಲಿ ಬರೆದುಕೊಂಡೆ. ಏರುವಾಗ ಷಡ್ಜ, ಶುದ್ಧ ರಿಷಭ, ಅಂತರ ಗಾಂಧಾರ, ಪ್ರತಿ ಮಧ್ಯಮ, ಶುದ್ಧ ಧೈವತ, ಕೈಶಿಕಿ ನಿಷಾದ, ಅದರ ಬೆನ್ನಿಗೇ ಕಾಕಲಿ ನಿಷಾದ, ಮತ್ತೆ ಮೇಲಿನ ಷಡ್ಜ. ಪಂಚಮವೇ ಇಲ್ಲ. ಇಳಿಯುವಾಗ ಪ್ರತಿ ಮಧ್ಯಮದ ಜಾಗದಲ್ಲಿ ಶುದ್ಧ ಮಧ್ಯಮ. ವೆರ್ದಿ ಇದನ್ನು ಮೊದಲು ಕೆಳಗಿನ ಗಂಡುದನಿಗೆ, ಆಮೇಲೆ ಉಳಿದ ದನಿಗಳಿಗೆ ಸರದಿಯಂತೆ ಕೊಡುತ್ತಾರೆ. ಒಂದೊಂದು ಸ್ವರವನ್ನೂ ಉದ್ದಕ್ಕೆ ಎಳೆದು ನಿಲ್ಲಿಸುತ್ತಾರೆ. ಇಗೋ ಇಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದು.

ನೋನೊ ಅವರ ಪುಟಗಳಲ್ಲಿ ಹಾಗೆ ಬೆರಳಿಡಲಾಗಲಿಲ್ಲ. ನಾಲ್ಕಾರು ಸ್ವರಗಳ ಗುಂಪೊಂದು ಶ್ರೇಣಿಗೆ ಹೊಂದಿದಂತೆ ಕಂಡಾಗಲೆಲ್ಲ ಹಿಗ್ಗಿದೆ, ಮರುಕ್ಷಣ ಹಿಂಜರಿದೆ. ಷಡ್ಜವನ್ನು ಹನ್ನೆರಡು ಸ್ಥಾನಗಳಲ್ಲಿ ಎಲ್ಲಿ ಬೇಕಾದರೂ ಇಟ್ಟುಕೊಳ್ಳಬಹುದು, ಸ್ವರಗಳ ಕ್ರಮವೂ ಬದಲಾಗಬಹುದು ಎಂದು ಒಮ್ಮೆ ಒಪ್ಪಿಬಿಟ್ಟರೆ ಸಣ್ಣ ತುಣುಕು ಯಾವುದಾದರೂ ಈ ಶ್ರೇಣಿಗೆ ಹೊಂದಿಕೊಂಡೀತು. ಎಲ್ಲವನ್ನೂ ಒಪ್ಪುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಅಚ್ಚಾದ ಸ್ವರಲಿಪಿಯ ದಾರಿ ಅಲ್ಲಿಗೆ ಮುಗಿಯಿತು.

ಬೀಗ ತೆರೆದದ್ದು ಕರಡುಗಳು. ನೋನೊ 1990ರಲ್ಲಿ ತೀರಿಕೊಂಡರು. ಪತ್ನಿ ನೂರಿಯಾ ಷೋನ್‌ಬರ್ಗ್ ನೋನೊ 1993ರಲ್ಲಿ ವೆನಿಸ್‌ನಲ್ಲಿ ಅವರ ಕಾಗದಪತ್ರಗಳಿಗೊಂದು ಸಂಗ್ರಹಾಲಯ ಕಟ್ಟಿದರು. ಕರಡುಗಳನ್ನು ಪರಿಶೀಲಿಸಿದ ವಿದ್ವಾಂಸರಿಗೆ ಅಲ್ಲಿ ಈ ಶ್ರೇಣಿಯೇ ಸಿಕ್ಕಿತು: ಬೇರೆ ಬೇರೆ ಆಧಾರಸ್ವರಗಳಿಂದ ಅದನ್ನು ಬರೆದುಕೊಂಡು, ಬೇಕಾದ ಸ್ವರಗಳನ್ನು ಆರಿಸಿಕೊಂಡದ್ದು. ಇದು ಗಟ್ಟಿ ಸಾಕ್ಷ್ಯ. ಆದರೂ ಅದರಿಂದ ಸಿದ್ಧವಾಗುವುದು ಸ್ವರಗಳ ಮೂಲ ಮಾತ್ರ. ಮರಿಯಾಳ ಪ್ರಾರ್ಥನೆ ನೋನೊ ಅವರ ಮನಸ್ಸಿನಲ್ಲಿತ್ತು ಎನ್ನಲು ಇಷ್ಟು ಸಾಲದು. ಸ್ವರಲಿಪಿಯ ಮೇಲೆ ಅಲ್ಲಲ್ಲಿ ಅವರು ಬರೆದಿರುವುದು ಹೋಲ್ಡರ್ಲಿನ್ ಕವಿಯ ಪದಗಳನ್ನು. ವಾದಕರು ಅವನ್ನು ಒಳಗೊಳಗೇ ಹಾಡಿಕೊಳ್ಳಬೇಕು, ಸಭೆಗೆ ಓದಿ ಹೇಳುವಂತಿಲ್ಲ.

ಕೊನೆಯ ಭಾಗದಲ್ಲಿ ವಿಯೋಲಾಕ್ಕೆ ‘ಮಾಲೋರ್ ಮೆ ಬಾ’ ಎಂಬ ಹಳೆಯ ಲೌಕಿಕ ಹಾಡಿನ ಧಾಟಿ ಬರುತ್ತದೆ. ಅದು ಯಾವ ಹಾಡು ಎಂಬ ಬಗ್ಗೆ ತಕರಾರಿಲ್ಲ. ಅದನ್ನು ಬರೆದವರು ಯಾರು? 1501ರಲ್ಲಿ ಪೆತ್ರೂಚಿ ವೆನಿಸ್‌ನಲ್ಲೇ ಅಚ್ಚುಹಾಕಿದ ಸಂಕಲನದ ಪ್ರಕಾರ ಓಕೆಗೆಮ್. ಹಸ್ತಪ್ರತಿಗಳಲ್ಲಿ ಒಂದು ಮಾರ್ತಿನಿ ಎನ್ನುತ್ತದೆ, ಇನ್ನೊಂದು ಮಾಲ್ಕೋರ್ ಎನ್ನುತ್ತದೆ. ಕಿವಿಗೆ ಸಿಗದ ಶ್ರೇಣಿಯ ಜಾಡನ್ನು ಮಿಲಾನಿನ ಆ ಪತ್ರಿಕೆಯವರೆಗೂ ಹಿಡಿಯಲಾಯಿತು. ಗುರುತು ಸಿಕ್ಕ ಈ ಹಾಡಿನ ಮುಂದೆ ಮಾತ್ರ ಮೂರು ಹೆಸರು ಹಾಗೇ ಉಳಿದಿವೆ.