ಸೆನೆಟ್ಟಿನ ಸಮ್ಮತಿ: ಅಮೆರಿಕದಲ್ಲಿ ಉನ್ನತ ನೇಮಕಾತಿಗಳ ಇತಿಹಾಸ

ಅಮೆರಿಕದ ಸೆನೆಟ್ ಸಮಿತಿಗಳು ನಡೆಸುವ ವಿಚಾರಣೆಯ ದೃಶ್ಯವನ್ನು ನೀವು ವಾರ್ತೆಗಳಲ್ಲಿ ನೋಡಿರಬಹುದು. ಎತ್ತರದ ಪೀಠದಲ್ಲಿ ಸದಸ್ಯರು ಸಾಲಾಗಿ ಕುಳಿತಿರುತ್ತಾರೆ. ಅವರೆದುರು ತಗ್ಗಿನಲ್ಲಿ, ಒಂಟಿ ಮೇಜಿನ ಮುಂದೆ ಒಬ್ಬರು ಕುಳಿತು ಪ್ರಶ್ನೆಗಳಿಗೆ ಉತ್ತರ ಹೇಳುತ್ತಿರುತ್ತಾರೆ. ಅವರು ಮಂತ್ರಿಯಾಗಬೇಕಾದವರು, ಇಲ್ಲವೇ ರಾಯಭಾರಿಯಾಗಬೇಕಾದವರು. ಕೆಲವು ಸಲ ಎದೆಯ ತುಂಬ ಪದಕ ಧರಿಸಿದ ಸೇನಾಪತಿ. ದೇಶದ ಅಧ್ಯಕ್ಷರೇ ಆರಿಸಿ ಕಳಿಸಿದ ವ್ಯಕ್ತಿ ಹೀಗೆ ಪರೀಕ್ಷೆಗೆ ಕುಳಿತ ವಿದ್ಯಾರ್ಥಿಯಂತೆ ಏಕೆ ಉತ್ತರಿಸಬೇಕು? ಈ ಪ್ರಶ್ನೆಯ ಉತ್ತರಕ್ಕೆ ನಾವು ಎರಡು ಶತಮಾನಗಳಿಗೂ ಹಿಂದಕ್ಕೆ ಹೋಗಬೇಕಾಗುತ್ತದೆ.

1787ರಲ್ಲಿ ಫಿಲಡೆಲ್ಫಿಯಾ ನಗರದಲ್ಲಿ ಸಂವಿಧಾನ ರಚನೆಗೆ ಕುಳಿತವರ ಮುಂದೆ ಇಂಗ್ಲೆಂಡಿನ ರಾಜನ ಉದಾಹರಣೆಯಿತ್ತು. ಹುದ್ದೆ ಹಂಚುವ ಅಧಿಕಾರ ಒಬ್ಬನ ಕೈಯಲ್ಲಿದ್ದರೆ ಅದು ಋಣದ ಜಾಲವಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹಾಗೆಂದು ಆ ಅಧಿಕಾರವನ್ನು ಪೂರ್ತಿಯಾಗಿ ಸಭೆಯ ಕೈಗೆ ಕೊಟ್ಟರೆ ಗುಂಪುಗಾರಿಕೆ ಬೆಳೆಯುತ್ತದೆ, ತಪ್ಪಾದಾಗ ಹೊಣೆ ಯಾರದೆಂದು ಗೊತ್ತಾಗುವುದಿಲ್ಲ. ತಿಂಗಳುಗಟ್ಟಲೆ ಚರ್ಚೆಯಾದ ಮೇಲೆ ಒಂದು ಮಧ್ಯಮಾರ್ಗ ಹೊರಟಿತು. ಹೆಸರನ್ನು ಸೂಚಿಸುವವರು ಅಧ್ಯಕ್ಷರು. ಸೆನೆಟ್ಟಿನ ‘ಸಲಹೆ ಮತ್ತು ಸಮ್ಮತಿ’ ಸಿಕ್ಕಿದ ಮೇಲಷ್ಟೇ ನೇಮಕ. ಕೆಳಹಂತದ ಅಧಿಕಾರಿಗಳ ನೇಮಕವನ್ನು ಕಾನೂನಿನ ಮೂಲಕ ಅಧ್ಯಕ್ಷರಿಗೋ, ನ್ಯಾಯಾಲಯಗಳಿಗೋ, ಇಲಾಖಾ ಮುಖ್ಯಸ್ಥರಿಗೋ ಬಿಟ್ಟುಕೊಡಬಹುದು. ಮುಂದಿನ ವರ್ಷ ಅಲೆಕ್ಸಾಂಡರ್ ಹ್ಯಾಮಿಲ್ಟನ್ ಈ ಏರ್ಪಾಡನ್ನು ಸಮರ್ಥಿಸುತ್ತ ಒಂದು ಸೂಕ್ಷ್ಮವನ್ನು ತೋರಿಸಿದ. ಸೆನೆಟ್ ಪದೇ ಪದೇ ಬೇಡವೆನ್ನದಿರಬಹುದು. ಆದರೆ ಬೇಡವೆಂದೀತು ಎಂಬ ಅಂಜಿಕೆಯೇ ಅಧ್ಯಕ್ಷರು ಅಯೋಗ್ಯರನ್ನು ಸೂಚಿಸದಂತೆ ತಡೆಯುತ್ತದೆ ಎಂಬುದು ಅವನ ವಾದದ ಸಾರ.

ಸಂವಿಧಾನದಲ್ಲಿರುವುದು ಇಷ್ಟೇ. ವಿಚಾರಣೆ ನಡೆಸಬೇಕೆಂದಾಗಲಿ, ಎಷ್ಟು ದಿನದೊಳಗೆ ತೀರ್ಮಾನಿಸಬೇಕೆಂದಾಗಲಿ ಅದರಲ್ಲಿ ಬರೆದಿಲ್ಲ. ಉಳಿದದ್ದನ್ನೆಲ್ಲ ರೂಢಿ ಕಟ್ಟಿತು. ಆ ರೂಢಿಯ ಮೊದಲ ಕಲ್ಲು ಬಿದ್ದದ್ದು 1789ರ ಆಗಸ್ಟಿನಲ್ಲಿ. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಬಂದರುಗಳ ಸುಂಕದ ಅಧಿಕಾರಿಗಳ ದೊಡ್ಡ ಪಟ್ಟಿಯೊಂದನ್ನು ಕಳಿಸಿದರು. ಅದರಲ್ಲಿ ಜಾರ್ಜಿಯಾ ರಾಜ್ಯದ ಸವಾನಾ ಬಂದರಿಗೆ ಬೆಂಜಮಿನ್ ಫಿಶ್‌ಬೋರ್ನ್ ಎಂಬಾತನ ಹೆಸರಿತ್ತು. ಸ್ವಾತಂತ್ರ್ಯ ಸಮರದಲ್ಲಿ ಹೋರಾಡಿದವನು, ವಾಷಿಂಗ್ಟನ್ನರಿಗೆ ಬೇಕಾದವನು. ಆದರೆ ಜಾರ್ಜಿಯಾದ ಸೆನೆಟರುಗಳಿಗೆ ಅವನು ಬೇಡವಾಗಿದ್ದ. ಸೆನೆಟ್ ಆ ಹೆಸರನ್ನು ತಳ್ಳಿಹಾಕಿತು. ವಾಷಿಂಗ್ಟನ್ನರು ಬೇರೊಂದು ಹೆಸರು ಕಳಿಸಿದರು. ಸಂದೇಹವಿದ್ದಾಗ ತಮ್ಮನ್ನು ಒಂದು ಮಾತು ಕೇಳಬಹುದಿತ್ತಲ್ಲ ಎಂದು ಜೊತೆಯ ಪತ್ರದಲ್ಲಿ ಸೌಮ್ಯವಾಗಿಯೇ ತಿಳಿಸಿದರು. ಒಂದು ರಾಜ್ಯದ ನೇಮಕಾತಿಯಲ್ಲಿ ಆ ರಾಜ್ಯದ ಸೆನೆಟರ ಮಾತಿಗೆ ಉಳಿದವರು ಮನ್ನಣೆ ಕೊಡುವ ‘ಸೆನೆಟ್ ಸೌಜನ್ಯ’ ಎಂಬ ಪದ್ಧತಿಯ ಬೀಜ ಇಲ್ಲಿದೆ.

ಅದೇ ತಿಂಗಳು ಇನ್ನೊಂದು ಪ್ರಸಂಗವೂ ನಡೆಯಿತು. ಮೂಲನಿವಾಸಿಗಳೊಂದಿಗಿನ ಒಪ್ಪಂದದ ವಿಷಯದಲ್ಲಿ ಸಲಹೆ ಕೇಳಲು ವಾಷಿಂಗ್ಟನ್ನರು ಖುದ್ದಾಗಿ ಸೆನೆಟ್ಟಿಗೆ ಹೋದರು. ಸದಸ್ಯರು ಅವರೆದುರಿಗೆ ಮಾತಾಡಲು ಹಿಂಜರಿದು, ವಿಷಯವನ್ನು ಸಮಿತಿಗೆ ಒಪ್ಪಿಸೋಣ ಎಂದರು. ಅಧ್ಯಕ್ಷರಿಗೆ ಸಿಟ್ಟು ಬಂತು. ಆಮೇಲೆ ಇಬ್ಬರ ನಡುವಿನ ವ್ಯವಹಾರ ಕಾಗದದ ಮೂಲಕವೇ ನಡೆಯತೊಡಗಿತು. ‘ಸಲಹೆ’ ಹಿಂದೆ ಸರಿದು ‘ಸಮ್ಮತಿ’ ಮುಂದೆ ಬಂತು.

ಈಗ ಈ ಕೆಲಸ ನಡೆಯುವ ಬಗೆಯನ್ನು ನೋಡೋಣ. ಅಧ್ಯಕ್ಷರ ಕಚೇರಿಯಿಂದ ಲಿಖಿತ ನಾಮನಿರ್ದೇಶನ ಬರುತ್ತದೆ. ಅದು ವಿಷಯಕ್ಕೆ ತಕ್ಕ ಸಮಿತಿಗೆ ಹೋಗುತ್ತದೆ: ರಾಯಭಾರಿಯಾದರೆ ವಿದೇಶಾಂಗ ಸಮಿತಿಗೆ, ನ್ಯಾಯಾಧೀಶರಾದರೆ ನ್ಯಾಯಾಂಗ ಸಮಿತಿಗೆ, ಸೇನೆಯವರಾದರೆ ಸಶಸ್ತ್ರ ಸೇವೆಗಳ ಸಮಿತಿಗೆ. ಸಮಿತಿ ದಾಖಲೆಗಳನ್ನು ಪರಿಶೀಲಿಸುತ್ತದೆ, ಮುಖ್ಯ ಹುದ್ದೆಗಳಿಗೆ ವಿಚಾರಣೆ ನಡೆಸುತ್ತದೆ, ಆಮೇಲೆ ಹೆಸರನ್ನು ಸದನದ ಕಾರ್ಯಸೂಚಿಗೆ ಕಳಿಸುತ್ತದೆ. ಸದನದಲ್ಲಿ ಸರಳ ಬಹುಮತ ಸಾಕು. ಸೇನೆಯಲ್ಲಿ ಮೇಜರ್ ಹುದ್ದೆಯಿಂದ ಮೇಲಕ್ಕೆ, ನೌಕಾದಳದಲ್ಲಿ ಅದಕ್ಕೆ ಸಮನಾದ ಲೆಫ್ಟಿನೆಂಟ್ ಕಮಾಂಡರ್ ಹುದ್ದೆಯಿಂದ ಮೇಲಕ್ಕೆ ಬಡ್ತಿಗಳಿಗೆ ಸೆನೆಟ್ಟಿನ ಸಮ್ಮತಿ ಬೇಕು. ಸಾವಿರಗಟ್ಟಲೆ ಹೆಸರುಗಳನ್ನು ಒಂದೊಂದಾಗಿ ಚರ್ಚಿಸುವುದು ಸಾಧ್ಯವೇ? ಆದ್ದರಿಂದ ಪಟ್ಟಿಗಳನ್ನು ಒಟ್ಟಾಗಿ ಮುಂದಿಟ್ಟು, ಯಾರ ಆಕ್ಷೇಪಣೆಯೂ ಇಲ್ಲವೆಂದಾದರೆ ಸರ್ವಾನುಮತದಿಂದ ನಿಮಿಷಗಳಲ್ಲಿ ಒಪ್ಪುತ್ತಾರೆ. ‘ಯಾರ ಆಕ್ಷೇಪಣೆಯೂ ಇಲ್ಲವೆಂದಾದರೆ’ ಎಂಬ ಈ ಮಾತನ್ನು ನೆನಪಿನಲ್ಲಿಡಿ. ಕಥೆಯ ಗಂಟು ಅಲ್ಲಿದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಸಮ್ಮತಿಯ ಅಧಿಕಾರ ಹಲವು ಸಲ ಹಗ್ಗಜಗ್ಗಾಟವಾಯಿತು. 1834ರಲ್ಲಿ ಅಧ್ಯಕ್ಷ ಜಾಕ್ಸನ್ನರ ಖಜಾನೆ ಕಾರ್ಯದರ್ಶಿ ರೋಜರ್ ಟೇನಿಯನ್ನು ಸೆನೆಟ್ ತಿರಸ್ಕರಿಸಿತು. ಸಚಿವ ಸಂಪುಟಕ್ಕೆ ಸೂಚಿತರಾದವರೊಬ್ಬರು ಹೀಗೆ ಸೋತದ್ದು ಅದೇ ಮೊದಲು. 1843ರ ಮಾರ್ಚ್ 3ರಂದು ಅಧ್ಯಕ್ಷ ಟೈಲರ್ ಕೇಲಬ್ ಕುಶಿಂಗ್ ಎಂಬ ಒಂದೇ ಹೆಸರನ್ನು ಒಂದೇ ದಿನದಲ್ಲಿ ಮೂರು ಸಲ ಕಳಿಸಿದರು. ಮೂರು ಸಲವೂ ಸೆನೆಟ್ ಬೇಡವೆಂದಿತು. ಆದರೆ ಎಲ್ಲಕ್ಕಿಂತ ದುರಂತದ ಅಧ್ಯಾಯ 1881ರದು. ನ್ಯೂಯಾರ್ಕ್ ಬಂದರಿನ ಸುಂಕಾಧಿಕಾರಿಯ ಹುದ್ದೆ ಅಂದಿಗೆ ದೇಶದ ಅತ್ಯಂತ ಲಾಭದಾಯಕ ಹುದ್ದೆಗಳಲ್ಲಿ ಒಂದು. ಆ ರಾಜ್ಯದ ಸೆನೆಟರ್ ರಾಸ್ಕೋ ಕಾಂಕ್ಲಿಂಗ್ ಅದನ್ನು ತನ್ನ ಹಿಡಿತದ ಸೊತ್ತೆಂದೇ ತಿಳಿದಿದ್ದ. ಅಧ್ಯಕ್ಷ ಗಾರ್ಫೀಲ್ಡ್ ಅವನನ್ನು ಲೆಕ್ಕಿಸದೆ ಬೇರೆಯವರನ್ನು ಸೂಚಿಸಿದರು. ಪ್ರತಿಭಟನೆಯಾಗಿ ಕಾಂಕ್ಲಿಂಗ್ ತನ್ನ ಜೊತೆಗಾರ ಪ್ಲಾಟ್‌ನೊಂದಿಗೆ ರಾಜೀನಾಮೆ ಕೊಟ್ಟ. ರಾಜ್ಯದ ಶಾಸನಸಭೆ ತಮ್ಮನ್ನೇ ಮರಳಿ ಆರಿಸುತ್ತದೆಂದು ನಂಬಿದ್ದರು, ಅದು ಆಗಲಿಲ್ಲ. ಇತ್ತ ಸೆನೆಟ್ ಅಧ್ಯಕ್ಷರ ಆಯ್ಕೆಯನ್ನು ಒಪ್ಪಿತು. ಅದೇ ಜುಲೈ 2ರಂದು, ಹುದ್ದೆ ಸಿಗದೆ ನಿರಾಶನಾಗಿದ್ದ ಚಾರ್ಲ್ಸ್ ಗೀಟೋ ಎಂಬಾತ ಗಾರ್ಫೀಲ್ಡರಿಗೆ ಗುಂಡಿಟ್ಟ. ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡರು. ಹುದ್ದೆಯೆಂದರೆ ಬಹುಮಾನ ಎಂದು ತಿಳಿಯುವ ಸಮಾಜ ಎಲ್ಲಿಗೆ ಮುಟ್ಟಬಹುದೆಂದು ದೇಶ ಬೆಚ್ಚಿ ನೋಡಿತು. ಸರಕಾರಿ ನೌಕರಿಗೆ ಪರೀಕ್ಷೆ ಮತ್ತು ಅರ್ಹತೆಯನ್ನು ಆಧಾರವಾಗಿಸಿದ ಪೆಂಡಲ್ಟನ್ ಕಾಯಿದೆ 1883ರಲ್ಲಿ ಬಂತು.

ಇಷ್ಟೂ ಕಾಲ ನಾಮನಿರ್ದೇಶನಗಳ ಚರ್ಚೆ ಸಾಮಾನ್ಯವಾಗಿ ಮುಚ್ಚಿದ ಬಾಗಿಲ ಹಿಂದೆ ನಡೆಯುತ್ತಿತ್ತು. 1916ರಲ್ಲಿ ಲೂಯಿ ಬ್ರಾಂಡೈಸರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದಾಗ ಸಮಿತಿ ಬಹಿರಂಗ ವಿಚಾರಣೆ ನಡೆಸಿತು. 1929ರಲ್ಲಿ ಸೆನೆಟ್ ತನ್ನ ನಿಯಮವನ್ನೇ ಬದಲಿಸಿ ಈ ಚರ್ಚೆಗಳನ್ನು ಸಾರ್ವಜನಿಕರಿಗೆ ತೆರೆಯಿತು. ಈ ನಡುವೆ ಒಂದು ಸ್ವಾರಸ್ಯದ ಘಟನೆ. 1925ರ ಮಾರ್ಚ್ 10ರಂದು, ಅಧ್ಯಕ್ಷ ಕೂಲಿಜ್ ಅಟಾರ್ನಿ ಜನರಲ್ ಹುದ್ದೆಗೆ ಸೂಚಿಸಿದ್ದ ಚಾರ್ಲ್ಸ್ ವಾರನ್ ಅವರ ಹೆಸರು ಮತಕ್ಕೆ ಬಂತು. 40ಕ್ಕೆ 40 ಸಮವಾಯಿತು. ಇಂಥ ಹೊತ್ತಿನಲ್ಲಿ ನಿರ್ಣಾಯಕ ಮತ ಹಾಕಬೇಕಾದವರು ಉಪಾಧ್ಯಕ್ಷರು. ಉಪಾಧ್ಯಕ್ಷ ಡಾಸ್, ಅಂದು ಮತದಾನವಿಲ್ಲವೆಂದು ನಂಬಿ, ಹೋಟೆಲಿಗೆ ಹೋಗಿ ಮಲಗಿದ್ದರು. ಎಬ್ಬಿಸಿ ಕರೆತರುವಷ್ಟರಲ್ಲಿ ಒಬ್ಬ ಸದಸ್ಯರು ಮತ ಬದಲಿಸಿ, ವಾರನ್ ಸೋತುಹೋಗಿದ್ದರು. ಅಧಿಕಾರ ವಹಿಸಿಕೊಂಡು ಡಾಸರಿಗೆ ಇನ್ನೂ ವಾರವೂ ಆಗಿರಲಿಲ್ಲ!

ಸೇನೆಯ ವಿಷಯಕ್ಕೆ ಬರೋಣ. 1798ರಲ್ಲಿ ಫ್ರಾನ್ಸಿನೊಂದಿಗೆ ಯುದ್ಧದ ಭೀತಿ ಹುಟ್ಟಿದಾಗ ಅಧ್ಯಕ್ಷ ಆಡಮ್ಸ್, ನಿವೃತ್ತರಾಗಿದ್ದ ವಾಷಿಂಗ್ಟನ್ನರನ್ನು ಸೇನಾಧಿಪತಿಯಾಗಿ ಜುಲೈ 2ರಂದು ಸೂಚಿಸಿದರು. ಮರುದಿನವೇ ಸೆನೆಟ್ ಒಪ್ಪಿತು. ವಾಷಿಂಗ್ಟನ್ನರ ಒಪ್ಪಿಗೆಯನ್ನು ಮಾತ್ರ ಯಾರೂ ಮೊದಲು ಕೇಳಿರಲಿಲ್ಲ. ಅಂಥ ನಂಬಿಕೆ ಎಲ್ಲ ಕಾಲಕ್ಕೂ ಇರುವುದಿಲ್ಲ, ಇರಬೇಕಾದದ್ದೂ ಇಲ್ಲ. 1991ರಲ್ಲಿ ಲಾಸ್ ವೇಗಸ್‌ನಲ್ಲಿ ನಡೆದ ‘ಟೇಲ್‌ಹುಕ್’ ಎಂಬ ನೌಕಾ ವೈಮಾನಿಕರ ಸಮಾವೇಶದಲ್ಲಿ ಮಹಿಳೆಯರ ಮೇಲೆ ದೌರ್ಜನ್ಯ ನಡೆಯಿತು. ಆಗ ಸಶಸ್ತ್ರ ಸೇವೆಗಳ ಸಮಿತಿ, ಬಡ್ತಿಗೆ ಸೂಚಿತರಾದ ನೌಕಾಧಿಕಾರಿಗಳು ಆ ಪ್ರಕರಣದಲ್ಲಿ ಭಾಗಿಯಾಗಿದ್ದರೋ ಇಲ್ಲವೋ ಎಂದು ನೌಕಾದಳ ತಿಳಿಸಬೇಕೆಂದು ಪಟ್ಟುಹಿಡಿಯಿತು. ಇಲ್ಲಿ ಸಮ್ಮತಿಯ ಅಧಿಕಾರ ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತು. 1989ರಲ್ಲಿ ಜಾನ್ ಟವರ್ ಅವರನ್ನು ರಕ್ಷಣಾ ಕಾರ್ಯದರ್ಶಿ ಹುದ್ದೆಗೆ ಸೂಚಿಸಿದಾಗಲೂ ಹಾಗೆಯೇ. ಹಿಂದೆ ಅದೇ ಸೆನೆಟ್ಟಿನಲ್ಲಿ, ಅದೇ ಸಮಿತಿಯ ಅಧ್ಯಕ್ಷರಾಗಿದ್ದವರು ಅವರು. ಆದರೂ ಅವರ ಮದ್ಯಪಾನ, ರಕ್ಷಣಾ ಕಂಪನಿಗಳೊಂದಿಗಿನ ಸಂಬಂಧ ಇವುಗಳ ಚರ್ಚೆಯಾಗಿ, 47ಕ್ಕೆ 53 ಮತಗಳಿಂದ ಅವರನ್ನು ಬೇಡವೆಂದರು.

ನಮ್ಮ ನಾಡಿಗೆ ಹತ್ತಿರದ ಒಂದು ಉದಾಹರಣೆಯೂ ಉಂಟು. ಮಂಡ್ಯ ಜಿಲ್ಲೆಯ ಹಲ್ಲೆಗೆರೆ ಮೂಲದ ಕುಟುಂಬದ ಡಾ. ವಿವೇಕ್ ಮೂರ್ತಿಯವರನ್ನು ಅಧ್ಯಕ್ಷ ಒಬಾಮಾ 2013ರ ನವೆಂಬರಿನಲ್ಲಿ ಸರ್ಜನ್ ಜನರಲ್ ಹುದ್ದೆಗೆ ಸೂಚಿಸಿದರು. ಸಮವಸ್ತ್ರ ಧರಿಸುವ ಸಾರ್ವಜನಿಕ ಆರೋಗ್ಯ ದಳದ ಮುಖ್ಯಸ್ಥರ ಹುದ್ದೆ ಅದು. ಬಂದೂಕಿನ ಹಿಂಸೆ ಆರೋಗ್ಯದ ಪ್ರಶ್ನೆಯೂ ಹೌದು ಎಂದು ಅವರು ಹೇಳಿದ್ದುದು ಬಂದೂಕು ಪರ ಸಂಘಟನೆಗಳನ್ನು ಕೆರಳಿಸಿತ್ತು. ಹೆಸರು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದು, 2014ರ ಡಿಸೆಂಬರ್ 15ರಂದು 51ಕ್ಕೆ 43 ಮತಗಳಿಂದ ಗೆದ್ದಿತು. ಚರ್ಚೆಯನ್ನು ಮುಗಿಸಿ ಮತಕ್ಕೆ ಹಾಕಲು 60 ಸದಸ್ಯರ ಬೆಂಬಲ ಬೇಕೆಂಬ ಹಳೆಯ ಕಟ್ಟಳೆಯನ್ನು ಸೆನೆಟ್ ಇಂಥ ಹುದ್ದೆಗಳ ಮಟ್ಟಿಗೆ 2013ರ ನವೆಂಬರಿನಲ್ಲಷ್ಟೇ ಸಡಿಲಿಸಿತ್ತು. ಇಲ್ಲವಾದರೆ ಅವರು ಗೆಲ್ಲುವುದು ಕಷ್ಟವಿತ್ತು. 2021ರಲ್ಲಿ ಅವರು ಅದೇ ಹುದ್ದೆಗೆ ಮತ್ತೆ ಅನುಮೋದನೆ ಪಡೆದರು.

ಇನ್ನು ಆ ಗಂಟಿನ ಮಾತು. 2023ರ ಫೆಬ್ರವರಿಯಲ್ಲಿ ಅಲಬಾಮಾದ ಸೆನೆಟರ್ ಟಾಮಿ ಟ್ಯೂಬರ್‌ವಿಲ್ ಸೇನೆಯ ಉನ್ನತ ಬಡ್ತಿಗಳ ಸರ್ವಾನುಮತಕ್ಕೆ ಆಕ್ಷೇಪಣೆ ಎತ್ತತೊಡಗಿದರು. ಗರ್ಭಪಾತಕ್ಕಾಗಿ ಬೇರೆ ರಾಜ್ಯಕ್ಕೆ ಹೋಗಬೇಕಾದ ಸೇನಾ ಮಹಿಳೆಯರಿಗೆ ಪ್ರಯಾಣದ ವೆಚ್ಚ ಕೊಡುವ ರಕ್ಷಣಾ ಇಲಾಖೆಯ ನೀತಿ ಅವರಿಗೆ ಒಪ್ಪಿಗೆಯಿರಲಿಲ್ಲ. ಬೇಕಾದರೆ ಒಂದೊಂದೇ ಹೆಸರನ್ನು ಮತಕ್ಕೆ ಹಾಕಿ, ನಾನು ಅದನ್ನು ತಡೆಯುತ್ತಿಲ್ಲ ಎಂಬುದು ಅವರ ವಾದ. ನಿಯಮದ ಪ್ರಕಾರ ಅದು ಸರಿಯೇ. ಆದರೆ ಹಾಗೆ ಮಾಡಲು ಸೆನೆಟ್ಟಿಗೆ ತಿಂಗಳುಗಳೇ ಬೇಕಾಗುತ್ತಿದ್ದವು. ಪಟ್ಟಿ ಬೆಳೆದು ನಾನೂರು ದಾಟಿತು. ಇವರಲ್ಲಿ ಯಾರ ಯೋಗ್ಯತೆಯ ಬಗ್ಗೆಯೂ ತಕರಾರು ಇರಲಿಲ್ಲ ಎಂಬುದನ್ನು ಗಮನಿಸಿ. ಜುಲೈಯಲ್ಲಿ ಮೆರೀನ್ ದಳಕ್ಕೆ, ನೂರು ವರ್ಷಕ್ಕೂ ಹೆಚ್ಚಿನ ಅವಧಿಯಲ್ಲಿ ಮೊದಲ ಬಾರಿಗೆ, ಅನುಮೋದಿತ ಮುಖ್ಯಸ್ಥರಿಲ್ಲದಂತಾಯಿತು. ಸೆಪ್ಟೆಂಬರಿನಲ್ಲಿ ಜನರಲ್ ಎರಿಕ್ ಸ್ಮಿತ್ ಅನುಮೋದನೆ ಪಡೆದರು. ಅಕ್ಟೋಬರಿನ ಕೊನೆಯಲ್ಲಿ ಅವರು ಹೃದಯಸ್ತಂಭನಕ್ಕೆ ಒಳಗಾಗಿ ಆಸ್ಪತ್ರೆ ಸೇರಿದಾಗ, ಅವರ ಜಾಗದಲ್ಲಿ ನಿಲ್ಲಬೇಕಾದ ಉಪಮುಖ್ಯಸ್ಥರ ಹೆಸರು ಇನ್ನೂ ಸೆನೆಟ್ಟಿನಲ್ಲಿ ಕಾಯುತ್ತಿತ್ತು. ಕೆಲವೇ ದಿನಗಳಲ್ಲಿ ಆ ಒಂದು ಹೆಸರನ್ನು ಪ್ರತ್ಯೇಕವಾಗಿ ಮತಕ್ಕೆ ಹಾಕಿ ಒಪ್ಪಿದರು. ಡಿಸೆಂಬರ್ 5ರಂದು ಸೆನೆಟರು ಬಹುಪಾಲು ಹೆಸರುಗಳ ಮೇಲಿನ ತಡೆಯನ್ನು ಕೈಬಿಟ್ಟರು. ನಾನೂರಕ್ಕೂ ಹೆಚ್ಚು ಬಡ್ತಿಗಳು ಅಂದೇ ಧ್ವನಿಮತದಿಂದ ಅಂಗೀಕಾರವಾದವು. ಹತ್ತು ತಿಂಗಳು ಆಗದ ಕೆಲಸ ಒಂದು ದಿನದಲ್ಲಿ ಆಯಿತು!

ಇಂಥ ತಡೆಗಳಿಗೆ ಪ್ರತಿಯಾಗಿ ಸದನ ತನ್ನ ಕಟ್ಟಳೆಗಳನ್ನು ಒಂದೊಂದಾಗಿ ಸಡಿಲಿಸುತ್ತ ಬಂದಿದೆ. 2013ರಲ್ಲಿ ಡೆಮಾಕ್ರಟಿಕ್ ಪಕ್ಷ ಮಾಡಿದ್ದನ್ನು 2017ರಲ್ಲಿ ರಿಪಬ್ಲಿಕನ್ ಪಕ್ಷ ಸುಪ್ರೀಂ ಕೋರ್ಟಿನ ನೇಮಕಾತಿಗಳಿಗೂ ವಿಸ್ತರಿಸಿತು. 2025ರ ಸೆಪ್ಟೆಂಬರಿನಲ್ಲಿ, ಸಂಪುಟಕ್ಕಿಂತ ಕೆಳಗಿನ ಹಲವು ಕಾರ್ಯಾಂಗ ಹುದ್ದೆಗಳನ್ನು ಒಂದೇ ಮತದಲ್ಲಿ ಒಟ್ಟಾಗಿ ಒಪ್ಪಲು ಸೆನೆಟ್ ದಾರಿ ಮಾಡಿಕೊಂಡಿತು. ಮೊದಲ ಸಲವೇ 48 ಮಂದಿ ಒಂದೇ ಏಟಿಗೆ ಪಾರಾದರು. ತಡೆ ಹೆಚ್ಚಾದಾಗ ಪರಿಶೀಲನೆಯನ್ನೇ ಕಡಿಮೆ ಮಾಡುವ ಈ ನಡೆ ಒಂದು ರೋಗಕ್ಕೆ ಇನ್ನೊಂದು ರೋಗವನ್ನು ಮದ್ದಾಗಿಸಿದಂತೆ ಎಂದು ನಿಮಗನ್ನಿಸಿದರೆ ತಪ್ಪಲ್ಲ.

ನಮ್ಮ ದೇಶ ಬೇರೆ ದಾರಿ ಹಿಡಿಯಿತು. 1949ರ ಮೇ 24ರಂದು ಸಂವಿಧಾನ ಸಭೆಯಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಾಧೀಶರ ನೇಮಕದ ಚರ್ಚೆ ಬಂದಾಗ ಡಾ. ಅಂಬೇಡ್ಕರ್ ಅಮೆರಿಕದ ಪದ್ಧತಿಯನ್ನು ಹೆಸರಿಸಿಯೇ ಬೇಡವೆಂದರು. ಅದು ತೊಡಕಿನದು, ನೇಮಕಾತಿಯಲ್ಲಿ ರಾಜಕೀಯ ಒತ್ತಡಕ್ಕೆ ಎಡೆಗೊಡುತ್ತದೆ ಎಂಬುದು ಅವರ ಅಭಿಪ್ರಾಯ. ಸೇನೆಯಲ್ಲೂ ಹಾಗೆಯೇ. ಕೊಡಗಿನ ಕಾರ್ಯಪ್ಪನವರು 1949ರಲ್ಲಿ, ತಿಮ್ಮಯ್ಯನವರು 1957ರಲ್ಲಿ ಭೂಸೇನೆಯ ಮುಖ್ಯಸ್ಥರಾದದ್ದು ಸರಕಾರದ ತೀರ್ಮಾನದಿಂದ. ಯಾವ ಸದನವೂ ಮತ ಹಾಕಲಿಲ್ಲ. ಇಂದಿಗೂ ಸೇನಾ ಮುಖ್ಯಸ್ಥರ ನೇಮಕ ಕೇಂದ್ರ ಸಂಪುಟದ ನೇಮಕಾತಿ ಸಮಿತಿಯದು. ನಮ್ಮಲ್ಲಿ ಕೆಲಸ ಬೇಗ ಆಗುತ್ತದೆ. ಆದರೆ ಇವರನ್ನೇ ಏಕೆ ಆರಿಸಿದಿರಿ ಎಂದು ಮೊದಲೇ ಕೇಳುವ ಒಂದು ಕಟ್ಟೆ ನಮಗಿಲ್ಲ.

ಅಂಬೇಡ್ಕರರು ಕಂಡ ತೊಡಕು ನಿಜವೆಂದು 2023ರ ಅನುಭವ ತೋರಿಸಿತು. ಹ್ಯಾಮಿಲ್ಟನ್ ಕಂಡ ಅಂಜಿಕೆಯ ಪ್ರಯೋಜನವೂ ಸುಳ್ಳಲ್ಲವೆಂದು ಟೇಲ್‌ಹುಕ್ ಪ್ರಕರಣ ತೋರಿಸಿತ್ತು. ಒಂದೇ ಸೆನೆಟ್, ಒಂದೇ ಅಧಿಕಾರ. ಒಮ್ಮೆ ಅಭ್ಯರ್ಥಿಯ ಯೋಗ್ಯತೆಯನ್ನು ವಿಚಾರಿಸಲು ಬಳಕೆಯಾಯಿತು, ಇನ್ನೊಮ್ಮೆ ಅಭ್ಯರ್ಥಿಗೆ ಸಂಬಂಧವೇ ಇಲ್ಲದ ಜಗಳಕ್ಕೆ ಅವರನ್ನು ಒತ್ತೆಯಿಡಲು. ಈ ಸಲ ವಾರ್ತೆಯಲ್ಲಿ ಅಂಥ ವಿಚಾರಣೆಯ ದೃಶ್ಯ ಬಂದಾಗ, ಪ್ರಶ್ನೆ ಎಷ್ಟು ಖಾರವಾಗಿದೆ ಎಂಬುದಕ್ಕಿಂತ ಆ ಪ್ರಶ್ನೆ ಎದುರಿಗೆ ಕುಳಿತ ವ್ಯಕ್ತಿಯ ಕೆಲಸಕ್ಕೆ ಸಂಬಂಧಿಸಿದ್ದೋ ಅಲ್ಲವೋ ಎಂದು ಗಮನಿಸಿ. ಸಮ್ಮತಿಯ ಅಧಿಕಾರ ನೆಟ್ಟಗಿದೆಯೋ ಇಲ್ಲವೋ ಎಂಬುದು ಅಷ್ಟರಿಂದಲೇ ತಿಳಿಯುತ್ತದೆ.